ಸತ್ಯಾಂಶ: ಗಿಗಾಹರ್ಟ್ಸ್ ಜಾಸ್ತಿ ಇದ್ದರೆ ಟವರ್ ಸಿಗುತ್ತದೆಯೇ?

ಮಳೆಗಾಲ ಬಂತೆಂದರೆ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಇಂಥದ್ದೊಂದು ಸಂದೇಶ ಸುತ್ತುತ್ತದೆ: 'ಹಳೇ ಸ್ಮಾರ್ಟ್‌ಫೋನ್ ಚಿಪ್‌ಗೆ ಅರ್ಧ ಗಿಗಾಹರ್ಟ್ಸ್ ಮಾತ್ರ, ಅದಕ್ಕೇ ತೋಟದೊಳಗೆ ಸಿಗ್ನಲ್ ಹಿಡಿಯಲ್ಲ.'

ಅರ್ಧ ಗಿಗಾಹರ್ಟ್ಸ್ ಎಂಬುದೇನೋ ಸರಿ. 2008ರ ಮೊದಲ ಆಂಡ್ರಾಯ್ಡ್ ಫೋನ್ ಎಚ್‌ಟಿಸಿ ಡ್ರೀಮ್‌ನಲ್ಲಿದ್ದ ಕ್ವಾಲ್ಕಾಮ್ ಚಿಪ್‌ನ ವೇಗ 528 ಮೆಗಾಹರ್ಟ್ಸ್ (ಸಾವಿರ ಮೆಗಾಹರ್ಟ್ಸ್ ಸೇರಿದರೆ ಒಂದು ಗಿಗಾಹರ್ಟ್ಸ್). 2007ರ ಐಫೋನ್‌ನದು ಇನ್ನೂ ಕಡಿಮೆ, 412. ಆದರೆ ಅದು ಪ್ರೊಸೆಸರ್‌ನ, ಅಂದರೆ ಲೆಕ್ಕ ಮಾಡುವ ಭಾಗದ, ಗಡಿಯಾರ ಸೆಕೆಂಡಿಗೆ ಎಷ್ಟು ಸಲ ಬಡಿಯುತ್ತದೆ ಎಂಬುದು. ಟವರ್‌ನಿಂದ ಬರುವ ರೇಡಿಯೊ ಅಲೆಯನ್ನು ಅಳೆಯುವುದೂ ಹರ್ಟ್ಸ್‌ನಲ್ಲೇ, ಅಷ್ಟೇ ನಂಟು. ಕಾಫಿಯನ್ನೂ ಅಕ್ಕಿಯನ್ನೂ ಕಿಲೋದಲ್ಲೇ ತೂಗುತ್ತೇವಲ್ಲ, ಹಾಗೆ.

ಗೊಂದಲಕ್ಕೆ ಒಂದು ಕಾರಣವಿದೆ. ಫೋನ್‌ನ ಮುಖ್ಯ ಚಿಪ್ ಒಂದು ಸಿಸ್ಟಂ-ಆನ್-ಚಿಪ್. ಹಾಗೆಂದರೆ ಲೆಕ್ಕ ಮಾಡುವ ಭಾಗ, ಚಿತ್ರ ಮೂಡಿಸುವ ಭಾಗ, ಮೆಮೊರಿ ನಿಯಂತ್ರಕ ಎಲ್ಲ ಒಂದೇ ತುಣುಕು ಸಿಲಿಕಾನ್ ಮೇಲೆ, ನಮ್ಮ ಐನ್‌ಮನೆಯ ಕೂಡುಕುಟುಂಬದಂತೆ. ಆ ಕ್ವಾಲ್ಕಾಮ್ ಚಿಪ್‌ನೊಳಗೆ ಟವರ್‌ನ ಸಂಕೇತ ನಿಭಾಯಿಸುವ ಮೋಡೆಮ್ ಕೂಡ ಇತ್ತು. ಮೊದಲ ಐಫೋನ್‌ನಲ್ಲಿ ಸ್ಯಾಮ್‌ಸಂಗ್ ಮಾಡಿದ ಮುಖ್ಯ ಚಿಪ್ ಬೇರೆ, ಮೋಡೆಮ್ ಬೇರೆ. ಒಳಗಿರಲಿ, ಹೊರಗಿರಲಿ, ಟವರ್ ಜೊತೆ ಮಾತಾಡುವುದು ಮೋಡೆಮ್, ರೇಡಿಯೊ ಬಿಡಿಭಾಗಗಳು ಮತ್ತು ಆಂಟೆನಾ. ಮುಖ್ಯ ಪ್ರೊಸೆಸರ್ ನಿಧಾನವಾದರೆ ಪುಟ ತೆರೆಯುವುದು ತಡ, ಆದರೆ ಸಿಗ್ನಲ್ ಕಡ್ಡಿ ಇಳಿಯುವುದಿಲ್ಲ.

ನಿಜಕ್ಕೂ ಅಡ್ಡ ಬರುವುದು ಬೆಟ್ಟ, ದೂರ, ದಟ್ಟ ಮರ. ಗಾಳಿ-ಮಳೆಗೆ ಕಂಬ ಬಿದ್ದು ಕರೆಂಟ್ ಹೋದರೆ ಟವರ್‌ನ ಬ್ಯಾಟರಿಯೂ ಎಷ್ಟು ಹೊತ್ತು ತಾಳೀತು? ತಮಾಷೆಯೆಂದರೆ, ಅಲೆಗಳ ಲೆಕ್ಕದಲ್ಲಿ ಕಡಿಮೆಯೇ ಮೇಲು: 2100 ಮೆಗಾಹರ್ಟ್ಸ್‌ಗಿಂತ 900ರ ಅಲೆ ಗುಡ್ಡ ಬಳಸಿ ಹೆಚ್ಚು ದೂರ ಹೋಗುತ್ತದೆ.