ಟೈಲ್ಸ್ ಬಡಿಯುವ ಚಿಕ್ಕಪ್ಪ

ನಿನ್ನೆ ಬೆಳಗ್ಗೆ ಹೊಸ ಮನೆಯ ಬಾತ್‌ರೂಮ್ ಗೋಡೆಯಿಂದ ಒಂದು ಟೈಲ್ಸು ಧೊಪ್ಪೆಂದು ಬಿತ್ತು. ಪುಣ್ಯಕ್ಕೆ ಕಾಲ ಮೇಲಲ್ಲ, ಬಕೆಟ್ ಮೇಲೆ. ಬಕೆಟ್ ಹೋಯಿತು. ತಿರುಗಿಸಿ ನೋಡಿದರೆ ಟೈಲ್ಸಿನ ಬೆನ್ನಿಗೆ ಸಂಡಿಗೆ ಇಟ್ಟಂತೆ ಐದು ಉಂಡೆ ಗಮ್: ಮೂಲೆಗೊಂದು, ನಡುವೆ ಒಂದು. ಮಿಕ್ಕಿದ್ದೆಲ್ಲ ಬಯಲು.

ಈ ಗಮ್ಮು, ಅಂದರೆ ಟೈಲ್ಸ್ ಅಂಟಿಸುವ ಪುಡಿ, ಬರುವ 20 ಕೆಜಿ ಚೀಲದ ಮೇಲೆ ಎಲ್ಲ ಅಚ್ಚು ಹಾಕಿರುತ್ತಾರೆ. ಕಲಸಿ ಐದು-ಹತ್ತು ನಿಮಿಷ ಬಿಟ್ಟು ಮತ್ತೆ ಕಲಸಬೇಕು, ಹಲ್ಲಿರುವ ಕರಣೆಯಲ್ಲಿ ಗೋಡೆ ತುಂಬ ಗೆರೆ ಎಳೆಯಬೇಕು, ಸುಮಾರು 20 ನಿಮಿಷದೊಳಗೆ ಟೈಲ್ಸ್ ಒತ್ತಬೇಕು. ತಡವಾದರೆ ಗಮ್ಮಿನ ಮೇಲೆ ಕೆನೆ ಕಟ್ಟುತ್ತದೆ. ನಮ್ಮ ಮೇಸ್ತ್ರಿಯದು ಬೇರೆಯೇ ಶಾಸ್ತ್ರ. ಕಲಸಿಟ್ಟು ಟೀಗೆ ಹೋಗುವುದು, ಬಂದು ಗಟ್ಟಿಯಾದ ಗಮ್ಮಿಗೆ ಒಂದು ಚೊಂಬು ನೀರು ಸುರಿಯುವುದು. "ಎದ್ದು ಕೂರುತ್ತೆ ಬಿಡಿ ಸಾರ್!" ತನ್ನ ತೂಕದ ಶೇಕಡಾ ಅರ್ಧದಷ್ಟೂ ನೀರು ಹೀರದ ವಿಟ್ರಿಫೈಡ್ ಟೈಲ್ಸನ್ನು ರಾತ್ರಿಯಿಡೀ ಡ್ರಮ್ಮಿನಲ್ಲಿ ನೆನೆಹಾಕಿದ ಪುಣ್ಯಾತ್ಮ ಅವನು.

ಇದನ್ನೆಲ್ಲ ಮೊದಲು ಪತ್ತೆಹಚ್ಚಿದ್ದು ರಿಟೈರಾದ ಚಿಕ್ಕಪ್ಪ. ಯಾರ ಮನೆಗೆ ಹೋದರೂ ಅವರು ಕಾಫಿಗಿಂತ ಮುಂಚೆ ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ಟೈಲ್ಸ್ ಬಡಿಯುತ್ತಾರೆ. ಟಣ್ ಎಂದರೆ ಪಾಸು. ಡಬ್ ಎಂದರೆ ಒಳಗೆ ಪೊಳ್ಳು, ಪೆನ್ಸಿಲಿನಲ್ಲಿ ಇಂಟು ಗುರುತು. ನಮ್ಮ ಗೃಹಪ್ರವೇಶದ ದಿನ ಹೋಮ ನಡೆಯುತ್ತಿದ್ದಾಗಲೇ ಹಾಲಿನ ನೆಲಕ್ಕೆ ಕಿವಿ ಹಚ್ಚಿ ಉದ್ದಕ್ಕೆ ಮಲಗಿಬಿಟ್ಟರು. ಸೋದರತ್ತೆಯ ಓರಗಿತ್ತಿಗೆ ಕಣ್ಣು ಮಂಜು. ತನಗೇ ಸಾಷ್ಟಾಂಗ ಹಾಕಿದ್ದಾರೆಂದು ಅಕ್ಷತೆ ಹಾಕಿ "ನೂರು ಕಾಲ ಬಾಳಪ್ಪಾ" ಎಂದು ಹರಸಿದರು. ಚಿಕ್ಕಪ್ಪ ತಲೆಯೆತ್ತದೆ, "ಶ್! ಡಬ್ ಅಂತಿದೆ" ಎಂದರು. ಪಕ್ಕದಲ್ಲಿದ್ದ ಹುಡುಗರೂ ನಾಣ್ಯ ಹಿಡಿದು ಶುರು ಮಾಡಿದವು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ನೆಲದ ತುಂಬ ಇಂಟು. ಬಂದವರೆಲ್ಲ ಇಂಟು ತಪ್ಪಿಸಿ ಕುಂಟೆಬಿಲ್ಲೆ ಆಡುವವರಂತೆ ಹಾರಿ ಹಾರಿ ಪಂಕ್ತಿಗೆ ಹೋದರು. ಸಾಲ ಮಾಡಿ ಕಟ್ಟಿಸಿದ ಮನೆ ಸ್ವಾಮಿ!

ಅಜ್ಜಿಯ ಮನೆಯಲ್ಲಿ ಇದ್ದದ್ದು ರೆಡ್ ಆಕ್ಸೈಡ್ ನೆಲ. ಹಬ್ಬಕ್ಕೊಮ್ಮೆ ತೆಂಗಿನೆಣ್ಣೆ ಹಾಕಿ ಉಜ್ಜುತ್ತಿದ್ದರು. ಬಿರುಕು ಬಿಟ್ಟಿತ್ತು, ಇರುವೆ ಸಾಲು ಅದರಲ್ಲೇ ಓಡಾಡುತ್ತಿತ್ತು. ಬೇಸಿಗೆಯ ಮಧ್ಯಾಹ್ನ ಬರೀ ಮೈಯಲ್ಲಿ ಅದರ ಮೇಲೆ ಬಿದ್ದುಕೊಂಡರೆ ಸಂಜೆ ಕಾಫಿಗೇ ಎಚ್ಚರ. ಆಗ ಚಿಕ್ಕಪ್ಪನೂ ನಮ್ಮ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದರು, ನೆಲ ಬಡಿಯುತ್ತಿರಲಿಲ್ಲ.

ಇವತ್ತು ಮೇಸ್ತ್ರಿ ಬಂದ. ಬಿದ್ದ ಟೈಲ್ಸನ್ನು ಎರಡೂ ಕಡೆ ನೋಡಿ, "ನಿಮ್ಮ ಬಿಸಿನೀರು ಜಾಸ್ತಿ ಸಾರ್" ಎಂದು ತೀರ್ಪು ಕೊಟ್ಟ. ಪೊಳ್ಳು ಇದ್ದಲ್ಲೆಲ್ಲ ಸಂದಿಯಲ್ಲಿ ತೂತು ಕೊರೆದು ಗ್ರೌಟ್ ಎಂಬ ತೆಳು ಸಿಮೆಂಟು ಇಳಿಸುತ್ತಾನಂತೆ. ಅಷ್ಟರಲ್ಲಿ ಚಿಕ್ಕಪ್ಪ ನಾಣ್ಯ ಹಿಡಿದು ಬಂದರು. ಇಬ್ಬರೂ ಸೇರಿ ಅರ್ಧ ಗಂಟೆ ಗೋಡೆ ಬಡಿದರು. ಚಿಕ್ಕಪ್ಪನ ಕಿವಿಗೆ ಮೇಸ್ತ್ರಿ ಬೆರಗಾಗಿಹೋದ. ನಾಳೆ ಇನ್ನೊಂದು ಸೈಟಿನಲ್ಲಿ ಚೆಕಿಂಗ್ ಇದೆಯಂತೆ, ಬೈಕಿನಲ್ಲಿ ಅವರನ್ನೂ ಕರೆದುಕೊಂಡು ಹೋಗುತ್ತಾನೆ. ನಮ್ಮ ಬಾತ್‌ರೂಮು? ಅದು ಮುಂದಿನ ವಾರ ನೋಡೋಣ ಎಂದು ಇಬ್ಬರೂ ಒಟ್ಟಿಗೇ ಹೇಳಿದರು.