ಅವರ ಜೆಪಿ

ಜೆಪಿ ಅಂದರೆ ನಮಗೆ ಜಯಪ್ರಕಾಶ ನಾರಾಯಣರು. ದಕ್ಷಿಣ ಕೊರಿಯಾದಲ್ಲೂ ಒಬ್ಬ ಜೆಪಿ ಇದ್ದ. ಪೂರ್ತಿ ಹೆಸರು ಕಿಮ್ ಜೋಂಗ್-ಪಿಲ್. 1975ರ ಜೂನ್‌ನಲ್ಲಿ ನಮ್ಮ ಜೆಪಿಯನ್ನು ಪೊಲೀಸರು ಎಬ್ಬಿಸಿ ಕರೆದೊಯ್ದಾಗ, ಅವರ ಜೆಪಿ ಸೋಲ್‌ನಲ್ಲಿ ಪ್ರಧಾನಿಯಾಗಿ ಕೂತಿದ್ದ. ಅಲ್ಲೂ ತುರ್ತು ಆಜ್ಞೆಗಳ ಕಾಲ. ಸಂವಿಧಾನ ಬದಲಾಗಬೇಕು ಅಂತ ಬಾಯಿಬಿಟ್ಟರೂ ಜೈಲು.

ಗುಪ್ತಚರ ಸಂಸ್ಥೆ ನಡೆಸಿ ರಾಜಕೀಯಕ್ಕೆ ಬಂದವರ ಮಾತು ಬಂದಾಗಲೆಲ್ಲ ಜನ ಪುಟಿನ್ ಹೆಸರು ತೆಗೆಯುತ್ತಾರೆ. ವಯಸ್ಸಾದವರಾದರೆ ಸೋವಿಯತ್‌ನ ಆಂದ್ರೊಪೊವ್, ಅಮೆರಿಕದ ದೊಡ್ಡ ಬುಷ್. ಅವರೆಲ್ಲ ಗದ್ದುಗೆ ಏರಿದವರು, ಅವರ ಕಥೆ ಎಲ್ಲರಿಗೂ ಗೊತ್ತು. ನನ್ನನ್ನು ಕಾಡುವವನು ನಲವತ್ತು ವರ್ಷ ಗದ್ದುಗೆಯ ಪಕ್ಕದಲ್ಲೇ ನಿಂತಿದ್ದು ಒಮ್ಮೆಯೂ ಅದರ ಮೇಲೆ ಕೂರದ, ಪ್ರಧಾನಿಯಾದರೂ ಅಧ್ಯಕ್ಷನಾಗದ ಈ ಮನುಷ್ಯ.

1961ರ ಮೇ 16ರಂದು ಜನರಲ್ ಪಾರ್ಕ್ ಚುಂಗ್-ಹೀ ಸೇನಾದಂಗೆ ಮಾಡಿದಾಗ ಜೆಪಿಗೆ 35. ಹಿರಿಯ ಜನರಲ್‌ಗಳನ್ನು ಮನೆಗೆ ಕಳಿಸಿ ಅಂತ ಗಲಾಟೆ ಎಬ್ಬಿಸಿದ್ದಕ್ಕೆ ಕೆಲವೇ ತಿಂಗಳ ಹಿಂದೆ ಸೈನ್ಯದಿಂದ ಹೊರಬಿದ್ದಿದ್ದ ಲೆಫ್ಟಿನೆಂಟ್ ಕರ್ನಲ್. ಸಂಬಂಧದಲ್ಲಿ ಪಾರ್ಕ್‌ನ ಅಣ್ಣನ ಅಳಿಯ. ದಂಗೆಯ ರಾತ್ರಿ ಘೋಷಣಾಪತ್ರಗಳನ್ನು ಒಂದು ಪ್ರೆಸ್ಸಿನಲ್ಲಿ ಕೂತು ಅಚ್ಚುಹಾಕಿಸಿದವನು ಇವನೇ. ತಿಂಗಳು ತುಂಬುವುದರೊಳಗೆ ಕೊರಿಯಾದ ಸಿಐಎ ಎಂಬ ಗುಪ್ತಚರ ಸಂಸ್ಥೆ ಹುಟ್ಟಿತು, ಇವನೇ ಮೊದಲ ಮುಖ್ಯಸ್ಥ. ಅದಕ್ಕೊಂದು ಧ್ಯೇಯವಾಕ್ಯವನ್ನೂ ಬರೆದುಕೊಟ್ಟ: ನಾವು ನೆರಳಿನಲ್ಲಿ ದುಡಿಯುತ್ತೇವೆ, ಬಿಸಿಲಿನ ಕಡೆಗೆ ಹೊರಟಿದ್ದೇವೆ.

ವಾಕ್ಯ ಚೆನ್ನಾಗಿದೆ, ಒಪ್ಪುತ್ತೇನೆ. ನೆರಳಿನಲ್ಲಿ ನಡೆದ ದುಡಿಮೆ ಎಂಥದ್ದು ಅಂತ ಮಾತ್ರ ನೋಡಬೇಕು. ಉಳಿದವರಿಗೆಲ್ಲ ರಾಜಕೀಯ ನಿಷೇಧವಿದ್ದಾಗ ಈ ಸಂಸ್ಥೆ ಗುಟ್ಟಾಗಿ ಒಂದು ಪಕ್ಷವನ್ನೇ ಕಟ್ಟಿತು. ದುಡ್ಡು ಎಲ್ಲಿಂದ? ಷೇರುಪೇಟೆಯ ಕೈಚಳಕ, ಜಪಾನಿನಿಂದ ತರಿಸಿದ ಕಾರುಗಳು, ಪಚಿಂಕೊ ಜೂಜಿನ ಯಂತ್ರಗಳು, ವಾಕರ್‌ಹಿಲ್ ಅನ್ನುವ ಐಷಾರಾಮಿ ಹೋಟೆಲ್. ಈ ನಾಲ್ಕೂ ಹಗರಣಗಳ ವಾಸನೆ ಹೊರಗೆ ಬಂದಾಗ, 1963ರಲ್ಲಿ, ಈತ ಕುರ್ಚಿ ಬಿಟ್ಟು ವಿದೇಶಕ್ಕೆ ಹೊರಟ. ಯಾಕೆ ಹೋಗುತ್ತಿದ್ದೀರಿ ಎಂಬ ಪ್ರಶ್ನೆಗೆ ಕೊಟ್ಟ ಉತ್ತರ: ‘ಅರ್ಧ ನನ್ನಿಷ್ಟ, ಅರ್ಧ ಪರರಿಷ್ಟ.’ ಆ ಮಾತು ಇವತ್ತಿಗೂ ಕೊರಿಯನ್ನರ ಬಾಯಲ್ಲಿ ಗಾದೆಯ ಹಾಗೆ ಓಡಾಡುತ್ತದೆ. ನಮ್ಮಲ್ಲಿ ‘ಆರೋಗ್ಯದ ಕಾರಣದಿಂದ’ ರಾಜೀನಾಮೆ ಕೊಡುವ ಮಂತ್ರಿಗಳಿಗೆ ಇಷ್ಟು ಪ್ರಾಮಾಣಿಕತೆಯೂ ಇಲ್ಲ ಬಿಡಿ.

ಗದಗ ಜಿಲ್ಲೆಯವರು ಕಿವಿಗೊಡಬೇಕಾದ ಭಾಗ ಇನ್ನು ಬರುತ್ತದೆ. 1962ರ ನವೆಂಬರ್‌ನಲ್ಲಿ ಈತ ಟೋಕಿಯೋಗೆ ಹೋಗಿ ಜಪಾನಿನ ವಿದೇಶಾಂಗ ಮಂತ್ರಿ ಒಹಿರಾ ಎದುರು ಕೂತ. ವಿದೇಶಾಂಗ ಮಂತ್ರಿಯ ಜೊತೆ ಮಾತಿಗೆ ಕೂತಿದ್ದು ಬೇಹುಗಾರಿಕೆಯ ಮುಖ್ಯಸ್ಥ, ಗಮನಿಸಿ. ಕೊರಿಯಾದ ಮೇಲೆ ಜಪಾನ್ ನಡೆಸಿದ 35 ವರ್ಷದ ವಸಾಹತು ಆಳ್ವಿಕೆಯ ಲೆಕ್ಕ ಒಂದು ಚೀಟಿಯ ಮೇಲೆ ಮುಗಿಯಿತು. 30 ಕೋಟಿ ಡಾಲರ್ ಸುಮ್ಮನೆ, 20 ಕೋಟಿ ಸಾಲವಾಗಿ, ಮೇಲೆ ವಾಣಿಜ್ಯ ಸಾಲ. ಕಾರ್ಖಾನೆಗಳಿಗೆ ಎಳೆದೊಯ್ದವರನ್ನಾಗಲಿ, ಸೈನಿಕರ ಬಿಡಾರಗಳಿಗೆ ಸಾಗಿಸಿದ ಹೆಣ್ಣುಮಕ್ಕಳನ್ನಾಗಲಿ ಯಾರೂ ಒಂದು ಮಾತು ಕೇಳಲಿಲ್ಲ. 1964ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು, ಸೋಲ್‌ನಲ್ಲಿ ಸೇನಾಡಳಿತ ಬಂತು, ಜೆಪಿ ಮತ್ತೊಮ್ಮೆ ವಿದೇಶಕ್ಕೆ ಹೋದ. ಒಪ್ಪಂದ ಮಾತ್ರ 1965ರಲ್ಲಿ ಆಗಿಯೇ ಆಯಿತು. ಮಾತುಕತೆಯ ಕಡತಗಳನ್ನು ಸರ್ಕಾರ ಜನರಿಗೆ ತೆರೆದದ್ದು 2005ರಲ್ಲಿ.

ಆ ದುಡ್ಡಿನ ಒಂದು ಪಾಲಿನಿಂದ ಎದ್ದದ್ದು ಪೋಸ್ಕೋ ಎಂಬ ಉಕ್ಕಿನ ಕಂಪನಿ. ಹೌದು, ಅದೇ ಪೋಸ್ಕೋ. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿ ಸುತ್ತಿನ ರೈತರು ಎರೆಹೊಲ ಬಿಡುವುದಿಲ್ಲ ಅಂತ ನಿಂತಾಗ, ತೋಂಟದ ಸಿದ್ಧಲಿಂಗ ಶ್ರೀಗಳು ಅವರ ಮುಂದೆ ನಿಂತಾಗ, ಭೂಮಿ ಕೊಡಿಸಲು ಹೊರಟಿದ್ದ ಸರ್ಕಾರ ಹಿಂದೆ ಸರಿಯಿತಲ್ಲ, ಆ ಕಂಪನಿ. ಕೊರಿಯಾವನ್ನು ಉದ್ಧಾರ ಮಾಡಿದ್ದು ಆ ಉಕ್ಕೇ ಅನ್ನುವವರಿದ್ದಾರೆ. ಸುಳ್ಳಲ್ಲ. ಆದರೆ ಹಳ್ಳಿಗುಡಿಯವರಿಗೆ ಬೇಡ ಅನ್ನಲು ಸಿಕ್ಕ ಅವಕಾಶ ಚೀಟಿಯ ಆಚೆಗಿದ್ದ ಕೊರಿಯನ್ನರಿಗೆ ಸಿಗಲಿಲ್ಲ. ಜೆಪಿ ರಾಜಕೀಯಕ್ಕೆ ತಂದ ಗುಣ ಇದೇ ಅಂತ ನನ್ನ ಅನಿಸಿಕೆ. ಎಂಥ ದೊಡ್ಡ ಸಂಗತಿಯೂ ಇಬ್ಬರು ಬಾಗಿಲು ಹಾಕಿಕೊಂಡು ಕೂತರೆ ತೀರುತ್ತದೆ ಅನ್ನುವ ನಂಬಿಕೆ.

ಕಟ್ಟಿದ ಮನೆ ಕಟ್ಟಿದವನ ಮಾತು ಕೇಳಲಿಲ್ಲ. 1973ರ ಆಗಸ್ಟ್‌ನಲ್ಲಿ ಅದೇ ಸಂಸ್ಥೆಯವರು ವಿರೋಧ ಪಕ್ಷದ ಕಿಮ್ ದೇ-ಜುಂಗ್ ಅವರನ್ನು ಟೋಕಿಯೋದ ಹೋಟೆಲಿನಿಂದ ಅಪಹರಿಸಿದರು. ಜಪಾನಿಗೆ ಹೋಗಿ ಕ್ಷಮೆ ಕೇಳಿ ಬಂದದ್ದು ಪ್ರಧಾನಿ ಜೆಪಿ. 1979ರಲ್ಲಿ ಅಧ್ಯಕ್ಷ ಪಾರ್ಕ್‌ಗೆ ಗುಂಡು ಹೊಡೆದವನು ಅದೇ ಸಂಸ್ಥೆಯ ಮುಖ್ಯಸ್ಥ. ಮರುವರ್ಷ ಸಂಸ್ಥೆಯ ಆ ಕುರ್ಚಿ ಹಿಡಿದ ಜನರಲ್ ಚುನ್ ದೂ-ಹ್ವಾನ್ ಒಂದು ತಿಂಗಳ ಸುಮಾರಿಗೆ ಜೆಪಿಯನ್ನು ಒಳಗೆ ಹಾಕಿಸಿ ಆಸ್ತಿ ಕಿತ್ತುಕೊಂಡ.

1987ರಲ್ಲಿ ಜನರ ಮುಂದೆ ಅಧ್ಯಕ್ಷಗಿರಿಗೆ ನಿಂತಾಗ ನಾಲ್ಕನೇ ಸ್ಥಾನ, ಮತ ಶೇ. 8ರಷ್ಟು. ಸ್ವಂತ ಸೀಮೆ ಚುಂಗ್‌ಚೋಂಗ್‌ನಲ್ಲಿ ದೊರೆಯಂತಿದ್ದವನಿಗೆ ಅದರ ಗಡಿ ದಾಟಿದರೆ ಮತವಿರಲಿಲ್ಲ. ಪರರ ಗುಟ್ಟುಗಳೇ ಬಂಡವಾಳವಾದವನ ಪಾಡು ಇದು. ಆ ನಾಣ್ಯ ಸೋಲ್‌ನ ನಾಲ್ಕಾರು ಮನೆಗಳಲ್ಲಿ ಚಲಾವಣೆಯಾಗುತ್ತದೆ, ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ. ನಮ್ಮಲ್ಲಿ ಇದಕ್ಕೊಂದು ಸುಲಭದ ದಾರಿ ಇದೆ, ರಾಜಭವನ. ನಮ್ಮ ಗುಪ್ತಚರ ಸಂಸ್ಥೆ ಐಬಿ ನಡೆಸಿದ್ದ ಟಿ.ವಿ. ರಾಜೇಶ್ವರ್, ಎಂ.ಕೆ. ನಾರಾಯಣನ್ ರಾಜ್ಯಪಾಲರಾದರು. ಮತ ಕೇಳುವ ತಾಪತ್ರಯವೇ ಇಲ್ಲ.

1997ರಲ್ಲಿ ಇನ್ನೊಂದು ತಿರುವು. ಅಪಹರಣವಾಗಿದ್ದ ಕಿಮ್ ದೇ-ಜುಂಗ್ ಅಧ್ಯಕ್ಷರಾಗಲು ಹೊರಟಾಗ ಕೈಹಿಡಿದದ್ದು ಜೆಪಿ. ಗೆದ್ದ ಅಂತರ ಸುಮಾರು 3 ಲಕ್ಷ 90 ಸಾವಿರ ಮತ. ಚುಂಗ್‌ಚೋಂಗ್ ಇಲ್ಲದೆ ಅದು ಆಗುತ್ತಿರಲಿಲ್ಲ ಅಂತ ನನ್ನ ಲೆಕ್ಕ. ಬದಲಿಗೆ ಪ್ರಧಾನಿ ಪಟ್ಟ, ಜೊತೆಗೆ ಸಂಸದೀಯ ಪದ್ಧತಿ ತರುವ ಮಾತು. ಇದನ್ನು ಕ್ಷಮೆ, ಸಾಮರಸ್ಯ ಅಂತೆಲ್ಲ ಬರೆಯುವವರನ್ನು ಕಂಡರೆ ನನಗೆ ನಗು ಬರುತ್ತದೆ. ಅದು ವ್ಯಾಪಾರ. ಈ ಸಲ ವ್ಯಾಪಾರದಲ್ಲಿ ಗೆದ್ದದ್ದು ಅಪಹರಣಗೊಂಡವರೇ. ಪ್ರಧಾನಿಯೆಂದು ಒಪ್ಪಲು ಸಂಸತ್ತು ಐದು ತಿಂಗಳು ಸತಾಯಿಸಿತು, ಸಂಸದೀಯ ಪದ್ಧತಿ ಬರಲೇ ಇಲ್ಲ. ಒಂಬತ್ತು ಸಲ ಸಂಸದನಾಗಿದ್ದವನು 2004ರಲ್ಲಿ ಹತ್ತನೆಯದಕ್ಕೆ ಕೈಚಾಚಿದ. ಪಕ್ಷಕ್ಕೆ ಸಿಕ್ಕಿದ್ದು 4 ಸ್ಥಾನ, ಅದರಲ್ಲಿ ಇವನಿರಲಿಲ್ಲ. ಅಲ್ಲಿಗೆ ರಾಜಕೀಯ ಬಿಟ್ಟ.

2018ರ ಜೂನ್‌ನಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡ. ಸರ್ಕಾರ ದೊಡ್ಡ ಪದಕ ಕೊಟ್ಟಿತು, ಕೊಡಬಾರದಿತ್ತು ಅಂತ ಜಗಳವೂ ಆಯಿತು. ರಾಷ್ಟ್ರೀಯ ಸ್ಮಶಾನ ಬೇಡವೆಂದು ಹುಟ್ಟೂರು ಬುಯೋದಲ್ಲಿ ಹೆಂಡತಿಯ ಪಕ್ಕ ಮಲಗಿದ್ದಾನೆ. ಸಮಾಧಿಯ ಬರಹ ತಾನೇ ಬರೆದಿಟ್ಟದ್ದು. ತೊಂಬತ್ತಕ್ಕೆ ಬಂದ ಮೇಲೆ ಹಿಂದಿನ ಎಂಬತ್ತೊಂಬತ್ತು ತಪ್ಪೆಂದು ತಿಳಿಯಿತು ಅನ್ನುವ ಅರ್ಥದ ಸಾಲು ಅದರಲ್ಲಿದೆ. ಕೇಳಿದ ಹತ್ತಾರು ಪ್ರಶ್ನೆಗಳಿಗೆ ನಕ್ಕು ಸುಮ್ಮನಾದವನು ಅಂತಲೂ ಇದೆ.

ಆ ನೆರಳು-ಬಿಸಿಲಿನ ವಾಕ್ಯವನ್ನು ಕಿಮ್ ದೇ-ಜುಂಗ್ ಕಾಲದಲ್ಲಿ ತೆಗೆದು ಬೇರೆಯದನ್ನು ಹಾಕಿದ್ದರು. 2022ರ ಜೂನ್‌ನಲ್ಲಿ ಸಂಸ್ಥೆ ಹಳೆಯ ಕಲ್ಲನ್ನೇ ತಂದು ಮತ್ತೆ ನಿಲ್ಲಿಸಿತು.