ತಾವು ಗುಲಾಮರೆಂದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು

ಅಮೆರಿಕದಲ್ಲಿ ಗುಲಾಮಗಿರಿಯಿಂದ ತಾನೂ ತಪ್ಪಿಸಿಕೊಂಡು ಬೇರೆಯವರನ್ನೂ ಬಿಡಿಸಿದ ಕಪ್ಪು ಹೆಂಗಸು ಹ್ಯಾರಿಯೆಟ್ ಟಬ್‌ಮನ್. ಆಕೆಯ ಫೋಟೊ, ಅದರ ಕೆಳಗೆ ಒಂದು ಮಾತು: "ನಾನು ಸಾವಿರ ಗುಲಾಮರನ್ನು ಬಿಡಿಸಿದೆ. ತಾವು ಗುಲಾಮರು ಅನ್ನೋದು ಅವರಿಗೆ ಗೊತ್ತಿದ್ದಿದ್ದರೆ ಇನ್ನೂ ಸಾವಿರ ಜನರನ್ನು ಬಿಡಿಸುತ್ತಿದ್ದೆ." ಈ ಪೋಸ್ಟರ್ ನಿಮಗೂ ಬಂದಿರಬಹುದು. ಹಂಚಿಕೊಳ್ಳುವವರು ಒಳ್ಳೆಯ ಮನಸ್ಸಿನಿಂದಲೇ ಹಂಚಿಕೊಳ್ಳುತ್ತಾರೆ.

ಆದರೆ ಆ ಮಾತು ಆಕೆಯದ್ದಲ್ಲ. ಹಳೇ ದಾಖಲೆಗಳನ್ನೆಲ್ಲ ಜಾಲಾಡಿ ಆಕೆಯ ಜೀವನ ಬರೆದ ಇತಿಹಾಸಕಾರರೇ ಇದನ್ನು ಹೇಳಿದ್ದಾರೆ. ಯಾರದೋ ಮಾತು ಇನ್ಯಾರದೋ ಹೆಸರಲ್ಲಿ ಓಡಾಡೋದು ಹೊಸದಲ್ಲ, ಬಿಡಿ. ನನಗೆ ಸಿಟ್ಟು ಬರೋದು ಬೇರೆ ಕಾರಣಕ್ಕೆ. ಈ ಮಾತು ತಪ್ಪನ್ನೆಲ್ಲ ಗುಲಾಮರ ತಲೆಗೇ ಕಟ್ಟುತ್ತದೆ. ಅವರಿಗೆ ತಿಳಿವಳಿಕೆ ಇರಲಿಲ್ಲ, ಅದಕ್ಕೇ ಬಿಡುಗಡೆ ಸಿಗಲಿಲ್ಲ ಅನ್ನುತ್ತದೆ. ಹ್ಯಾರಿಯೆಟ್ ಬದುಕನ್ನು ಸ್ವಲ್ಪ ಹತ್ತಿರದಿಂದ ನೋಡಿದರೂ ಸಾಕು, ಇದು ಎಷ್ಟು ದೊಡ್ಡ ಸುಳ್ಳು ಅಂತ ಗೊತ್ತಾಗುತ್ತದೆ.

ಆಕೆ ಹುಟ್ಟಿದ್ದು 1822ರ ಸುಮಾರಿಗೆ, ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಡಾರ್ಚೆಸ್ಟರ್ ಕೌಂಟಿಯಲ್ಲಿ. ಆಗಿನ ಹೆಸರು ಅರಮಿಂಟಾ. ಮನೆಯಲ್ಲಿ ಮಿಂಟಿ. ಮೂವರು ಅಕ್ಕಂದಿರನ್ನು ಮಾಲೀಕ ದಕ್ಷಿಣಕ್ಕೆ ಮಾರಿಬಿಟ್ಟ. ಮತ್ತೆ ಅವರ ಮುಖ ಯಾರೂ ನೋಡಲಿಲ್ಲ. ಕೊನೆಯ ತಮ್ಮ ಮೋಸೆಸ್‌ನನ್ನು ಕೊಳ್ಳಲು ಜಾರ್ಜಿಯಾದಿಂದ ವ್ಯಾಪಾರಿ ಬಂದಾಗ ತಾಯಿ ರಿಟ್ ಮಗನನ್ನು ಬಚ್ಚಿಟ್ಟಳು. ಮನೆ ಬಾಗಿಲಿಗೆ ಬಂದವರಿಗೆ, ಮೊದಲು ಒಳಗೆ ಕಾಲಿಟ್ಟವನ ತಲೆ ಸೀಳ್ತೀನಿ ಅಂದಳು. ಅವರು ವಾಪಸ್ ಹೋದರು. ಮಗ ಉಳಿದ. ಇಂಥ ತಾಯಿಗೆ ತಾನು ಗುಲಾಮಳು ಅನ್ನೋದು ಗೊತ್ತಿರಲಿಲ್ಲವಾ?

ಮಿಂಟಿಗೆ ಹನ್ನೆರಡು ಹದಿಮೂರು ವರ್ಷ ಇದ್ದಾಗ, ಓಡುತ್ತಿದ್ದ ಇನ್ನೊಬ್ಬ ಗುಲಾಮನ ಮೇಲೆ ಮೇಲ್ವಿಚಾರಕನೊಬ್ಬ ತೂಕದ ಬಟ್ಟು ಎಸೆದ. ಅದು ಬಂದು ಬಿದ್ದದ್ದು ಇವಳ ತಲೆಗೆ. ತಲೆಬುರುಡೆ ಒಡೆಯಿತು. ಅಲ್ಲಿಂದ ಸಾಯುವವರೆಗೂ, ಮಾತಾಡ್ತಾ ಇದ್ದ ಹಾಗೇ ಎಚ್ಚರ ತಪ್ಪಿ ನಿದ್ದೆಗೆ ಜಾರುವ ತೊಂದರೆ ಬಿಡಲಿಲ್ಲ. ಕಾಡಿನಲ್ಲಿ ಜನರನ್ನು ಕರಕೊಂಡು ಹೋಗುವಾಗಲೂ ಹೀಗೆ ಆಗುತ್ತಿತ್ತು. ಜೊತೆಯವರು ಅವಳಿಗೆ ಎಚ್ಚರ ಆಗೋವರೆಗೂ ಕಾಯುತ್ತಿದ್ದರು.

1849ರಲ್ಲಿ ಮಾಲೀಕ ಸತ್ತ. ಸಾಲ ತೀರಿಸಲು ಇನ್ನು ನಮ್ಮನ್ನೂ ಮಾರುತ್ತಾರೆ ಅನ್ನೋದು ಖಚಿತವಾಯಿತು. ಸೆಪ್ಟೆಂಬರ್‌ನಲ್ಲಿ ಹ್ಯಾರಿಯೆಟ್ ಇಬ್ಬರು ತಮ್ಮಂದಿರ ಜೊತೆ ಓಡಿದಳು. ತಮ್ಮಂದಿರು ಹೆದರಿ, ಅವಳನ್ನೂ ವಾಪಸ್ ಕರಕೊಂಡು ಬಂದರು. ಸ್ವಲ್ಪ ದಿನದಲ್ಲೇ ಆಕೆ ಒಬ್ಬಳೇ ಹೊರಟು, ಗುಲಾಮಗಿರಿ ಇಲ್ಲದ ಉತ್ತರದ ಫಿಲಡೆಲ್ಫಿಯಾ ಸೇರಿದಳು. ಗಡಿ ದಾಟಿದಾಗ, ನಾನು ಅದೇ ಮನುಷ್ಯಳಾ ಅಂತ ನನ್ನ ಕೈಗಳನ್ನೇ ನೋಡಿಕೊಂಡೆ ಅಂತ ಆಮೇಲೆ ಹೇಳಿದ್ದಾಳೆ. ಆದರೆ ಬಂದಿದ್ದೀಯಾ ಅಂತ ಕೇಳೋಕೆ ಅಲ್ಲಿ ಒಬ್ಬರೂ ಇರಲಿಲ್ಲ. ತನ್ನವರೆಲ್ಲ ಮೇರಿಲ್ಯಾಂಡ್‌ನಲ್ಲೇ ಇದ್ದರು.

ಮೊದಲು ಬಿಡಿಸಿದ್ದು ಅಕ್ಕನ ಮಗಳು ಕೆಸಾಯಾಳನ್ನು. 1850ರ ಡಿಸೆಂಬರ್. ಮೇರಿಲ್ಯಾಂಡ್‌ನ ಕೇಂಬ್ರಿಡ್ಜ್ ಊರಿನ ಕೋರ್ಟಿನ ಮುಂದೆ ಕೆಸಾಯಾಳನ್ನೂ ಎರಡು ಮಕ್ಕಳನ್ನೂ ಹರಾಜಿಗೆ ನಿಲ್ಲಿಸಿದ್ದರು. ಅವಳ ಗಂಡ ಜಾನ್ ಬೌಲಿ ಸ್ವತಂತ್ರ ಕಪ್ಪು ಮನುಷ್ಯ. ಅವನೇ ಸವಾಲು ಕೂಗಿ ಗೆದ್ದ. ಕೈಯಲ್ಲಿ ಅಷ್ಟು ದುಡ್ಡು ಎಲ್ಲಿತ್ತು? ಹರಾಜು ಕೂಗುವವನು ಊಟ ಮುಗಿಸಿ ಬಂದು ದುಡ್ಡು ಕೊಡಿ ಅಂದಾಗ ಯಾರೂ ಮುಂದೆ ಬರಲಿಲ್ಲ. ಅಷ್ಟರಲ್ಲಿ ತಾಯಿ ಮಕ್ಕಳು ಹತ್ತಿರದ ಒಂದು ಮನೆಯಲ್ಲಿ ಅಡಗಿಯಾಗಿತ್ತು. ಜಾನ್ ಅವರನ್ನು ದೋಣಿಯಲ್ಲಿ ಬಾಲ್ಟಿಮೋರ್‌ಗೆ ಕರಕೊಂಡು ಹೋದ. ಅಲ್ಲಿ ಹ್ಯಾರಿಯೆಟ್ ಕಾಯುತ್ತಿದ್ದಳು.

ಅದೇ ವರ್ಷ ಬಂದ ಕಾನೂನಿನ ಪ್ರಕಾರ, ಓಡಿಬಂದವರನ್ನು ಉತ್ತರದ ರಾಜ್ಯಗಳಲ್ಲೂ ಹಿಡಿದು ಒಪ್ಪಿಸಬೇಕಿತ್ತು. ಹಾಗಾಗಿ ಪ್ರಯಾಣ ಕೆನಡಾವರೆಗೂ ಉದ್ದವಾಯಿತು.

1854ರ ಕ್ರಿಸ್‌ಮಸ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಅಣ್ಣ ರಾಬರ್ಟ್, ತಮ್ಮಂದಿರು ಬೆನ್, ಹೆನ್ರಿ, ಮೂವರನ್ನೂ ಹಬ್ಬದ ಮರುದಿನ ಮಾರುವುದು ಅಂತ ತೀರ್ಮಾನವಾಗಿತ್ತು. ಹ್ಯಾರಿಯೆಟ್‌ಗೆ ಓದು ಬರಹ ಬರುತ್ತಿರಲಿಲ್ಲ. ಬೇರೆಯವರ ಕೈಲಿ ಬರೆಸಿ, ಊರಿನಲ್ಲಿ ಓದಲು ಬರುತ್ತಿದ್ದ ಜೇಕಬ್ ಜಾಕ್ಸನ್ ಎಂಬ ಸ್ವತಂತ್ರ ಕಪ್ಪು ಮನುಷ್ಯನಿಗೆ ಕಾಗದ ಹಾಕಿದಳು. ಜಿಯೋನಿನ ಹಡಗು (ಕ್ರೈಸ್ತ ಭಕ್ತಿಗೀತೆಗಳಲ್ಲಿ ಸ್ವರ್ಗಕ್ಕೆ ಒಯ್ಯುವ ಹಡಗು) ಬರುತ್ತದೆ, ಹತ್ತಲು ತಯಾರಾಗಿರಿ ಅಂತ ನನ್ನ ಅಣ್ಣತಮ್ಮಂದಿರಿಗೆ ಹೇಳು ಅಂತ ಅದರಲ್ಲಿತ್ತು. ಅಂಚೆ ಕಚೇರಿಯವರು ಕಾಗದ ಒಡೆದು ಓದಿ, ಅನುಮಾನಪಟ್ಟು ಅವನನ್ನೇ ಕರೆಸಿದರು. ಅವನು ಓದಿದ. ಓದಿದ ಕೂಡಲೇ ಅರ್ಥವಾಯಿತು. ಇದು ನನಗೆ ಬಂದದ್ದಲ್ಲ, ಇದರ ತಲೆಬುಡ ಒಂದೂ ಗೊತ್ತಾಗ್ತಿಲ್ಲ ಅಂತ ಕಾಗದ ವಾಪಸ್ ಕೊಟ್ಟು, ಸೀದಾ ಹೋಗಿ ಸುದ್ದಿ ಮುಟ್ಟಿಸಿದ.

ರಾಬರ್ಟ್ ಹೆಂಡತಿಗೆ ಅವತ್ತೇ ಹೆರಿಗೆ ನೋವು. ಉಳಿದರೆ ಮಾರಾಟ ಆಗ್ತಾನೆ, ಓಡಿದರೂ ಹೆಂಡತಿ ಮಕ್ಕಳಿಂದ ದೂರ ಆಗ್ತಾನೆ. ತಡವಾಗಿಯಾದರೂ ಬಂದು ಸೇರಿಕೊಂಡ. ಎಲ್ಲರೂ ಪಾಪ್ಲರ್ ನೆಕ್‌ನಲ್ಲಿದ್ದ ಅಪ್ಪ ಅಮ್ಮನ ಗುಡಿಸಲ ಹತ್ತಿರ, ಮೇವು ಕೂಡಿಡುವ ಕೊಟ್ಟಿಗೆಯಲ್ಲಿ ಅಡಗಿ ಕೂತರು. ಅಪ್ಪ ಬೆನ್ ರಾಸ್ ಊಟ ತಂದುಕೊಟ್ಟ, ಆದರೆ ಮಕ್ಕಳ ಮುಖ ನೋಡಲಿಲ್ಲ. ಅವರನ್ನು ಕಳಿಸಲು ಸ್ವಲ್ಪ ದೂರ ಹೋದಾಗ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹೋದ. ನಾಳೆ ಬಂದು ಕೇಳಿದರೆ "ನಾನು ಅವರನ್ನು ನೋಡಿಲ್ಲ" ಅನ್ನಬಹುದಲ್ಲ, ಅದಕ್ಕೆ. ಅಮ್ಮನಿಗೆ ಮಾತ್ರ ಹೇಳಲಿಲ್ಲ. ಹೇಳಿದ್ದರೆ ಅಳು ಊರಿಗೆಲ್ಲ ಕೇಳುತ್ತಿತ್ತು. ಆಕೆ ಗಂಡುಮಕ್ಕಳು ಹಬ್ಬದ ಊಟಕ್ಕೆ ಬರ್ತಾರೆ ಅಂತ ಅಡುಗೆ ಮಾಡಿಟ್ಟು, ಮತ್ತೆ ಮತ್ತೆ ಹೊರಗೆ ಬಂದು ದಾರಿ ನೋಡುತ್ತಿದ್ದಳು. ಮಕ್ಕಳು ಸಂದಿಯಲ್ಲಿ ಅವಳನ್ನು ನೋಡುತ್ತಿದ್ದರು.

ಡಿಸೆಂಬರ್ 29ರಂದು ಅವರೆಲ್ಲ ಫಿಲಡೆಲ್ಫಿಯಾದಲ್ಲಿದ್ದರು. ಓಡಿಬಂದವರ ವಿವರವನ್ನೆಲ್ಲ ಬರೆದಿಡುತ್ತಿದ್ದ ವಿಲಿಯಂ ಸ್ಟಿಲ್ ಇದನ್ನೂ ಬರೆದಿಟ್ಟ. ದಾರಿಯಲ್ಲಿ ವಿಲ್ಮಿಂಗ್ಟನ್‌ನ ಥಾಮಸ್ ಗ್ಯಾರೆಟ್ ಎಂಬ, ಓಡಿಬಂದವರಿಗೆ ನೆರವಾಗುತ್ತಿದ್ದ ಮನುಷ್ಯ, ಹ್ಯಾರಿಯೆಟ್ ಮತ್ತು ಒಬ್ಬ ಗಂಡಸಿನ ಶೂ ಪೂರ್ತಿ ಸವೆದುಹೋಗಿದ್ದನ್ನು ನೋಡಿ 2 ಡಾಲರ್ ಕೊಟ್ಟಿದ್ದ.

ಈಗ ಹೇಳಿ. ಈ ಕಥೆಯಲ್ಲಿ ತಿಳಿವಳಿಕೆ ಇಲ್ಲದವರು ಯಾರು? ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಅಪ್ಪನಾ, ಹೆರಿಗೆ ನೋವಿನ ಹೆಂಡತಿಯನ್ನು ಬಿಟ್ಟು ಬಂದ ರಾಬರ್ಟಾ?

ಸಾವಿರ ಅನ್ನೋ ಲೆಕ್ಕವೂ ಸುಳ್ಳು. ಹಳೆಯ ಜೀವನಚರಿತ್ರೆಗಳಲ್ಲಿ 300 ಜನ, 19 ಪ್ರಯಾಣ ಅಂತಿದೆ. ಈಗಿನ ಸಂಶೋಧನೆ ಪ್ರಕಾರ ಸುಮಾರು 13 ಪ್ರಯಾಣ, ಸುಮಾರು 70 ಜನ. ಇದರಿಂದ ಆಕೆ ಚಿಕ್ಕವಳಾಗೋದಿಲ್ಲ. 70 ಜನ ಅಂದರೆ ಒಬ್ಬೊಬ್ಬರಿಗೂ ಒಂದು ಯೋಜನೆ. ರಾತ್ರಿ ದೊಡ್ಡದಿರುವ ಚಳಿಗಾಲ ಆರಿಸಬೇಕು. ಶನಿವಾರ ರಾತ್ರಿ ಹೊರಡಬೇಕು, ಯಾಕಂದರೆ ಸೋಮವಾರದವರೆಗೆ ಪತ್ರಿಕೆಯಲ್ಲಿ ಹುಡುಕಾಟದ ಜಾಹೀರಾತು ಹಾಕಿಸೋಕೆ ಆಗಲ್ಲ. ಕೂಸುಗಳು ಅಳದ ಹಾಗೆ ಅಫೀಮು ಬೆರೆಸಿದ ಔಷಧಿ ಕೊಡಬೇಕು. ಜೊತೆಗೆ ಹೊರಟವರಲ್ಲಿ ಒಬ್ಬರನ್ನೂ ಆಕೆ ಕಳೆದುಕೊಳ್ಳಲಿಲ್ಲ.

ಬಿಡಿಸಲಾಗದೆ ಉಳಿದವರು ಯಾಕೆ ಉಳಿದರು ಅನ್ನೋದಕ್ಕೆ ತಂಗಿ ರೇಚಲ್‌ಗಿಂತ ದೊಡ್ಡ ಸಾಕ್ಷಿ ಬೇಡ. ಹ್ಯಾರಿಯೆಟ್ ಅವಳಿಗಾಗಿ ವರ್ಷಗಟ್ಟಲೆ ಪ್ರಯತ್ನಪಟ್ಟಳು. ರೇಚಲ್ ಒಪ್ಪಲಿಲ್ಲ. ಅವಳ ಮಕ್ಕಳನ್ನು ಬೇರೆ ಕಡೆ ಇಟ್ಟಿದ್ದರು, ಮಕ್ಕಳನ್ನು ಬಿಟ್ಟು ಬರಲ್ಲ ಅಂದಳು. 1860ರ ಕೊನೆಗೆ ಹ್ಯಾರಿಯೆಟ್ ಮತ್ತೆ ಹೋದಾಗ ರೇಚಲ್ ಸತ್ತುಹೋಗಿದ್ದಳು. ಇಬ್ಬರು ಮಕ್ಕಳನ್ನಾದರೂ ಹೊರಗೆ ತರಲು 30 ಡಾಲರ್ ಲಂಚ ಬೇಕಿತ್ತು. ಆಕೆಯ ಹತ್ತಿರ ಇರಲಿಲ್ಲ. ಬರಿಗೈಲಿ ವಾಪಸ್ ಬರದೆ, ಮೂರು ಮಕ್ಕಳಿದ್ದ ಇನ್ನೊಂದು ಸಂಸಾರವನ್ನು ಕರಕೊಂಡು ಬಂದಳು. ಮಕ್ಕಳ ಮೇಲಿನ ಪ್ರೀತಿ, 30 ಡಾಲರ್, ಬಂದೂಕು ಹಿಡಿದ ಕಾನೂನು. ಜನರನ್ನು ಕಟ್ಟಿಹಾಕಿದ್ದು ಇವು.

ಬಾಗಿಲು ನಿಜವಾಗಿ ತೆರೆದಾಗ ಏನಾಯಿತು ಅನ್ನೋದೂ ಇತಿಹಾಸದಲ್ಲಿದೆ. ಗುಲಾಮಗಿರಿಯ ವಿಷಯಕ್ಕೆ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳು ಕಾದಾಡಿದ ಅಂತರ್ಯುದ್ಧದ ಕಾಲ, 1863ರ ಜೂನ್. ದಕ್ಷಿಣ ಕೆರೊಲಿನಾದ ಕೊಂಬಾಹೀ ನದಿಯಲ್ಲಿ ಉತ್ತರದ ಸೇನೆಯ ಹಡಗುಗಳು ಕರ್ನಲ್ ಮಾಂಟ್ಗೊಮರಿ ಕೈಕೆಳಗೆ ಹೊರಟವು. ಗೂಢಚಾರರ ಮೂಲಕ ಮಾಹಿತಿ ತಂದವಳು, ಜೊತೆಗೆ ಹಡಗಿನಲ್ಲಿ ಹೋದವಳು ಹ್ಯಾರಿಯೆಟ್. ಭತ್ತದ ಗದ್ದೆಗಳಿಂದ ಜನ ದಂಡೆಗೆ ಓಡಿಬಂದರು. ಒಲೆಯಿಂದ ಆಗತಾನೇ ಇಳಿಸಿದ, ಹಬೆಯಾಡುವ ಅನ್ನದ ಪಾತ್ರೆ ತಲೆ ಮೇಲೆ ಹೊತ್ತು, ಮಗುವನ್ನು ಬೆನ್ನಿಗೆ ಹಾಕಿಕೊಂಡು ಬಂದ ಹೆಂಗಸನ್ನು ಹ್ಯಾರಿಯೆಟ್ ಆಮೇಲೂ ನೆನೆಸಿಕೊಳ್ಳುತ್ತಿದ್ದಳು. ಒಂದೇ ದಾಳಿಯಲ್ಲಿ 700ಕ್ಕೂ ಹೆಚ್ಚು ಜನ ಹೊರಗೆ ಬಂದರು. ನೀವು ಗುಲಾಮರು ಅಂತ ಅವರಿಗೆ ಯಾರೂ ಪಾಠ ಮಾಡಬೇಕಾಗಿ ಬರಲಿಲ್ಲ.

ಯುದ್ಧ ಮುಗಿಸಿ ಮನೆಗೆ ಹೋಗುವಾಗ ರೈಲಿನ ಕಂಡಕ್ಟರ್ ಆಕೆಯನ್ನು ಡಬ್ಬಿಯಿಂದ ಎಳೆದು ದಬ್ಬಿಸಿ ಕೈ ಮುರಿದ. ಸೇನೆಗೆ ಮಾಡಿದ ಕೆಲಸಕ್ಕೆ ಪಿಂಚಣಿ ಕೇಳಿ ಕೇಳಿ ಸಾಕಾಯಿತು. ಕಡೆಗೆ 1895ರಲ್ಲಿ, ಸೈನಿಕನಾಗಿದ್ದ ಎರಡನೇ ಗಂಡನ ವಿಧವೆ ಅನ್ನೋ ಲೆಕ್ಕದಲ್ಲಿ ತಿಂಗಳಿಗೆ 8 ಡಾಲರ್ ಬಂತು. 1899ರಲ್ಲಿ ಅದನ್ನು 20 ಮಾಡಿದರು.

ಅಷ್ಟರಲ್ಲೇ ಆಕೆ ನ್ಯೂಯಾರ್ಕ್ ರಾಜ್ಯದ ಆಬರ್ನ್‌ನಲ್ಲಿ ಮನೆ ಪಕ್ಕದ 25 ಎಕರೆ ಕೊಂಡು, ದಿಕ್ಕಿಲ್ಲದ ಕಪ್ಪು ಮುದುಕರಿಗೆ ಒಂದು ಆಶ್ರಯಧಾಮ ಮಾಡಲು ಹೊರಟಿದ್ದಳು. ಜಾಗವನ್ನು ಚರ್ಚಿಗೆ ಬರೆದುಕೊಟ್ಟಳು. 1908ರಲ್ಲಿ ಅದು ತೆರೆಯಿತು. 1913ರಲ್ಲಿ ಆಕೆ ತೀರಿಕೊಂಡಿದ್ದೂ ಅಲ್ಲೇ. ಆದರೆ ಚರ್ಚಿನವರು ಮಾಡಿದ ಒಂದು ನಿಯಮ ಆಕೆಗೆ ಸ್ವಲ್ಪವೂ ಹಿಡಿಸಲಿಲ್ಲ. ಒಳಗೆ ಸೇರಬೇಕಾದರೆ 100 ಡಾಲರ್ ಕಟ್ಟಬೇಕು ಅಂತ ಅವರು ಮಾಡಿದ್ದರು. ಕೈಯಲ್ಲಿ ಒಂದು ಕಾಸೂ ಇಲ್ಲದವರನ್ನು ಬಿಟ್ಟು ಬೇರೆ ಯಾರನ್ನೂ ಸೇರಿಸಬಾರದು ಅಂತ ನಿಯಮ ಮಾಡಬೇಕು ಅಂತಿದ್ದೆ ನಾನು ಅಂದಳು.